ವರದಿ ಬಾರದ ವರ್ಷ

ಅಂಕಿಅಂಶ ಇಲಾಖೆಯ ಎರಡನೇ ಮಹಡಿಯಲ್ಲಿ ಅವನನ್ನು ಎಲ್ಲರೂ ಭರ್ತಿಯಪ್ಪ ಎಂದೇ ಕರೆಯುತ್ತಿದ್ದರು. ಮುಖದೆದುರಿಗೆ ಕರೆದರೂ ಅವನಿಗೆ ಬೇಸರವಿರಲಿಲ್ಲ. ಬೇಸರಪಡುವಂಥದ್ದೇನಿದೆ? ಖಾಲಿ ಬಿದ್ದ ಜಾಗಗಳನ್ನು ಭರ್ತಿ ಮಾಡುವುದೇ ಮೂವತ್ತೊಂದು ವರ್ಷದಿಂದ ಅವನ ಕೆಲಸ, ಅದನ್ನು ಅವನಷ್ಟು ಅಚ್ಚುಕಟ್ಟಾಗಿ ಮಾಡುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು. ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ಸಿಲ್ ಇರುತ್ತಿದ್ದವು, ಪೆನ್ನು ಮಾತ್ರ ಇರುತ್ತಿರಲಿಲ್ಲ. ಪೆನ್ನಿನಲ್ಲಿ ಬರೆದವನು ತನ್ನ ತಪ್ಪಿನ ಜೊತೆ ಬಾಳಬೇಕಾಗುತ್ತದೆ ಎಂಬುದು ಅವನ ಅಂಬೋಣ. "ನಮ್ಮ ಮದುವೆ ರಿಜಿಸ್ಟರಿಗೂ ಪೆನ್ಸಿಲಲ್ಲೇ ಸಹಿ ಹಾಕಿದ್ರೋ ಏನೋ" ಎಂದು ಹೆಂಡತಿ ಆಗಾಗ ಕಾಲೆಳೆಯುತ್ತಿದ್ದಳು.

ಕೆಲಸ ಹೇಳಿದರೆ ಇಷ್ಟೇ. ಊರಿನಲ್ಲಿ ಅರವತ್ತೆರಡು ವಾರ್ಡುಗಳು. ಪ್ರತಿ ವಾರ್ಡಿನ ಕಚೇರಿಯಿಂದ ವರ್ಷಕ್ಕೊಂದು ನಮೂನೆ ಬರಬೇಕು. ಈ ವರ್ಷ ಎಷ್ಟು ಮನೆಗಳಿಗೆ ನೀರು ನುಗ್ಗಿತು, ಎಷ್ಟು ಗೋಡೆ ಬಿದ್ದವು, ಎಷ್ಟು ಜನ ಸತ್ತರು, ಶಾಲೆಗಳು ಎಷ್ಟು ದಿನ ಮುಚ್ಚಿದ್ದವು, ಇವೆಲ್ಲ ಅದರಲ್ಲಿರಬೇಕು. ಅವನು ಅದನ್ನು ದೊಡ್ಡ ರಿಜಿಸ್ಟರಿಗೆ ಇಳಿಸಿ ಕೋಷ್ಟಕ ಮಾಡಬೇಕು, ಕೋಷ್ಟಕ ಇಲಾಖೆಯ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗಬೇಕು. ಆದರೆ ಅರವತ್ತೆರಡೂ ನಮೂನೆಗಳು ಬಂದ ವರ್ಷವನ್ನು ಅವನು ಕಣ್ಣಲ್ಲೇ ಕಂಡಿರಲಿಲ್ಲ. ಮೊದಲು ಒಂದು ಜ್ಞಾಪನ ಪತ್ರ, ಆಮೇಲೆ ಇನ್ನೊಂದು, ಅದಕ್ಕೂ ಜಗ್ಗದಿದ್ದರೆ ಫೋನು. ಫೋನಿನಲ್ಲಿ "ನಾಳೆನೇ ಕಳಿಸ್ತೀವಿ ಸಾರ್" ಎಂಬ ಮಾತು. ಆ ನಾಳೆ ಬರುವ ಮೊದಲೇ ಅಚ್ಚಿನ ದಿನ ಬಂದುಬಿಡುತ್ತಿತ್ತು. ಅಂಥ ಹೊತ್ತಿಗೆಂದೇ ಇಲಾಖೆಯ ಕೈಪಿಡಿಯಲ್ಲಿ ಒಂದು ದಾರಿ ಬರೆದಿಟ್ಟಿದ್ದರು: ವರದಿ ಬಾರದ ವಾರ್ಡಿಗೆ ಅದರ ಹಿಂದಿನ ಐದು ವರ್ಷಗಳ ಅಂಕಿಗಳನ್ನು ಕೂಡಿಸಿ, ಐದರಿಂದ ಭಾಗಿಸಿ, ಬಂದದ್ದನ್ನು ಬರೆದುಕೊಳ್ಳತಕ್ಕದ್ದು.

ಈ ವಿದ್ಯೆಯನ್ನು ಅವನಿಗೆ ಕಲಿಸಿದವರು ಅಂದಿನ ಮೇಲ್ವಿಚಾರಕರು, ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದ ಮುದುಕರು. "ಪುಸ್ತಕದಲ್ಲಿ ಖಾಲಿ ಜಾಗ ಅಂದ್ರೆ ಬಾಯಲ್ಲಿ ಹಲ್ಲಿಲ್ಲದ ಹಾಗೆ ಕಣಯ್ಯ. ನೋಡೋರಿಗೆ ಮಿಕ್ಕ ಹಲ್ಲು ಕಾಣ್ಸೋದೇ ಇಲ್ಲ" ಎಂದು ಅವರು ಬಾಯಿಬಿಟ್ಟು ಹೇಳುವಾಗ ನಗದೆ ನಿಲ್ಲುವುದೇ ಅವನಿಗೆ ಮೊದಲ ಪರೀಕ್ಷೆಯಾಗಿತ್ತು. ಇದು ಸುಳ್ಳಲ್ಲವೇ ಎಂದು ಅವನು ಒಮ್ಮೆ ಮೆಲ್ಲಗೆ ಕೇಳಿದ್ದುಂಟು. ಕೈಪಿಡಿಯಲ್ಲಿದ್ದ ಮೇಲೆ ಸುಳ್ಳು ಹೇಗಾಗುತ್ತದೆ ಎಂದು ಅವರು ಹುಬ್ಬೇರಿಸಿದ್ದರು. ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ. ತಾನಾಗಿ ತುಂಬಿದ ಪ್ರತಿ ಅಂಕಿಯ ಎಡಗಡೆ, ಬುಡದಲ್ಲಿ, ಸಾಸಿವೆಯಷ್ಟು ಚಿಕ್ಕ ಪೆನ್ಸಿಲ್ ಚುಕ್ಕೆಯೊಂದನ್ನು ಇಟ್ಟುಬಿಡುತ್ತಿದ್ದ. ಯಾರೂ ಇಡು ಎಂದಿರಲಿಲ್ಲ, ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಬಂದದ್ದು ಯಾವುದು, ತಾನು ಬರೆದದ್ದು ಯಾವುದು ಎಂದು ಎಲ್ಲೋ ಒಂದು ಕಡೆ ಗುರುತಿರಲಿ ಎಂಬುದಷ್ಟೇ ಅವನ ಆಸೆ.

ಆ ಚುಕ್ಕೆಗಳನ್ನು ಅಳಿಸಿದವನೂ ಅವನೇ. ಒಂಬತ್ತು ವರ್ಷದ ಹಿಂದೆ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಯಾರಿಗೋ ಸಿಕ್ಕಿತು. ಅವರು ತಂದಿದ್ದ ಯಂತ್ರ ಪುಟವನ್ನು ತಾನೇ ಓದಿಕೊಳ್ಳುತ್ತಿತ್ತು. ಮೊದಲ ದಿನವೇ ಎಡವಟ್ಟಾಯಿತು. ಚುಕ್ಕೆಯನ್ನು ಯಂತ್ರ ದಶಾಂಶ ಬಿಂದು ಎಂದು ತಿಳಿಯಿತು, ಐದು ಜನ ಸತ್ತಿದ್ದ ವಾರ್ಡಿನಲ್ಲಿ ಅರ್ಧ ಮನುಷ್ಯ ಸತ್ತ. ಇಡೀ ಮಹಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಸಾರ್, ಈ ಚುಕ್ಕೆಗಳನ್ನ ಕ್ಲೀನ್ ಮಾಡಿ ಕೊಟ್ಬಿಡಿ" ಎಂದರು ಗುತ್ತಿಗೆಯವರು. ನಾಚಿಕೆಯಿಂದ ಕುಗ್ಗಿಹೋದ ಅವನು ರಬ್ಬರು ಹಿಡಿದು ಮೂರು ವಾರ ತಲೆ ಎತ್ತದೆ ಕೂತ. ಒಂದೂ ಉಳಿಯಬಾರದೆಂದು ಅನುಮಾನವಿದ್ದ ಕಡೆ ಅಂಕಿಗಳನ್ನಷ್ಟೇ ಬಿಟ್ಟು ಕಾಲಂನ ಎಡ ಅಂಚನ್ನು ಪೂರ್ತಿ ಉಜ್ಜಿದ. ಆಮೇಲೆ ಚುಕ್ಕೆ ಇಡುವುದನ್ನೇ ಬಿಟ್ಟ. ಕೊನೆಗೆ ಇಲಾಖೆಯಿಂದ ಅವನಿಗೊಂದು ಮೆಚ್ಚುಗೆ ಪತ್ರ ಬಂತು. ಹೆಂಡತಿ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟಳು.

ಈ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಇಲಾಖೆಯಲ್ಲಿ ಹೊಸದೊಂದು ಘಟಕ ಶುರುವಾಯಿತು. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಸರ್ಕಾರಿ ಅಂಕಿಅಂಶಗಳನ್ನು ಹದಗೊಳಿಸುವುದು ಅದರ ಕೆಲಸ ಎಂದು ಬಾಗಿಲಿನ ಮೇಲಿನ ಉದ್ದನೆಯ ಫಲಕ ಹೇಳುತ್ತಿತ್ತು. ಫಲಕ ದೊಡ್ಡದು, ಕೋಣೆ ಚಿಕ್ಕದು, ಒಳಗೆ ಒಬ್ಬಳೇ ವಿಶ್ಲೇಷಕಿ. ವಯಸ್ಸು ಮೂವತ್ತೈದರ ಆಚೆ ಈಚೆ. ಮಾತಿನಲ್ಲಿ ಬಿಂಕವಿಲ್ಲ, ಕೆಲಸದಲ್ಲಿ ಸೋಮಾರಿತನವಿಲ್ಲ. ಮೊದಲ ದಿನವೇ ಕುರ್ಚಿ ಎಳೆದುಕೊಂಡು ಅವನ ಮೇಜಿನ ಮುಂದೆ ಬಂದು ಕೂತಳು.

"ಹವಾಮಾನ ಕೆಡ್ತಿದೆ ಅಂತ ಎಲ್ರೂ ಹೇಳ್ತಾರೆ ಸಾರ್. ಎಲ್ಲಿ ಕೆಡ್ತಿದೆ, ಎಷ್ಟು ಕೆಡ್ತಿದೆ ಅಂತ ಕೇಳಿದ್ರೆ ಎಲ್ರೂ ಆಕಾಶ ನೋಡ್ತಾರೆ. ನೀವು ಮೂವತ್ತು ವರ್ಷದ್ದು ಇಟ್ಕೊಂಡಿದೀರಿ. ಬೇರೆ ಊರುಗಳಲ್ಲಿ ಹತ್ತು ವರ್ಷದ್ದೂ ಇಲ್ಲ."

ಅವನ ಎದೆಯುಬ್ಬಿತು. ಮೂವತ್ತೊಂದು ವರ್ಷದಲ್ಲಿ ಅವನ ಕೋಷ್ಟಕವನ್ನು ಬೇಕು ಎಂದು ಕೇಳಿಕೊಂಡು ಬಂದ ಮೊದಲ ವ್ಯಕ್ತಿ ಇವಳು. ಅವಳು ಮುಂದೆ ಹೇಳಿದ್ದು ಕೇಳಿ ಅವನು ಪೆನ್ಸಿಲ್ ಕೆಳಗಿಟ್ಟ. ಮೂವತ್ತು ವರ್ಷದಲ್ಲಿ ನೀರಿನ ಕಾಟ ಯಾವ ವಾರ್ಡುಗಳಲ್ಲಿ ಏರುತ್ತಾ ಬಂದಿದೆ ಎಂದು ಅವಳು ಲೆಕ್ಕ ಹಾಕುತ್ತಾಳೆ. ಮೊದಲ ಹತ್ತು ವಾರ್ಡುಗಳ ಪಟ್ಟಿ ಸರ್ಕಾರಕ್ಕೆ ಹೋಗುತ್ತದೆ. ಆ ಹತ್ತರಲ್ಲಿ ತಡೆಗೋಡೆ ಎತ್ತರಿಸುತ್ತಾರೆ, ತಗ್ಗಿನ ಮನೆಗಳವರಿಗೆ ಮೇಲೆ ಎತ್ತರದ ಜಾಗದಲ್ಲಿ ಬೇರೆ ಮನೆ ಕೊಡುತ್ತಾರೆ. ಮಿಕ್ಕವರು ಮುಂದಿನ ಯೋಜನೆಗೆ ಕಾಯಬೇಕು. ಮುಂದಿನ ಯೋಜನೆ ಯಾವಾಗ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವನು ಪೆನ್ಸಿಲ್ ಕೆಳಗಿಟ್ಟದ್ದು ಅಕ್ಕನಿಗಾಗಿ. ಇಪ್ಪತ್ತೇಳನೇ ವಾರ್ಡಿನ ಹೊಳೆ ಬದಿಯ ಓಣಿಯಲ್ಲಿ ಅವಳ ಮನೆ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು ಅವಳು, ಹದಿಮೂರರ ಮಗ್ಗಿಯಲ್ಲಿ ತಡವರಿಸಿದಾಗ ಕಿವಿ ಹಿಂಡಿದವಳೂ ಅವಳೇ. ಅವಳ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಬೀದಿ ಕಡೆಯ ಕೋಣೆ ಅಂಗಡಿ, ಹಿಂದಿನದು ಮನೆ, ಎರಡಕ್ಕೂ ಸೇರಿ ತಲೆಯ ಮೇಲೊಂದು ಹಲಗೆಯ ಅಟ್ಟ. ಭಾವ ಸತ್ತ ಮೇಲೆ ಅಂಗಡಿಯನ್ನು ಅಕ್ಕನೇ ನಡೆಸುತ್ತಿದ್ದಳು. ಗಂಡ ಕೂತ ಸ್ಟೂಲಿನ ಮೇಲೆ ಕೂತು, ಗಂಡನ ಕನ್ನಡಕವನ್ನೇ ಮೂಗಿಗೇರಿಸಿ, ಬಾಬಿನ್ ಸಿಕ್ಕಿಕೊಂಡ ಯಂತ್ರವನ್ನು ಮಗುಚಿ ಹಾಕಿ ನೋಡುತ್ತಿದ್ದಳು. ಅರವತ್ತಾರರಲ್ಲೂ ಅವಳ ಕೈ ನಡುಗುತ್ತಿರಲಿಲ್ಲ.

ಭಾವ ಸತ್ತದ್ದು ಹದಿನಾಲ್ಕು ವರ್ಷದ ಹಿಂದಿನ ನೆರೆಯಲ್ಲಿ. ಎರಡು ದಿನ ಬಿಡದೆ ಸುರಿದು, ಮೂರನೇ ದಿನ ಮಧ್ಯಾಹ್ನ ಹೊಳೆ ಓಣಿಗೆ ಬಂತು. ಎಲ್ಲರೂ ಮೇಲಿನ ಶಾಲೆಗೆ ಹೋದರು. ಭಾವನೂ ಹೋಗಿದ್ದ, ಅರ್ಧ ದಾರಿಯಲ್ಲಿ ನಿಂತು "ಜನರ ಯಂತ್ರ ಐದಿದೆ, ಅಟ್ಟಕ್ಕೆ ಏರಿಸಿ ಬಂದ್ಬಿಡ್ತೀನಿ" ಎಂದು ವಾಪಸು ಇಳಿದ. ನಾಲ್ಕು ಯಂತ್ರ ಅಟ್ಟದ ಮೇಲೆ ಸಿಕ್ಕವು. ಐದನೆಯದರ ಪಕ್ಕದಲ್ಲಿ ಅವನು ಸಿಕ್ಕ. ಮಾರನೇ ದಿನ ಸೊಂಟದ ಮಟ್ಟದ ನೀರಿನಲ್ಲಿ ಭಾವನನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡದ ಆಸ್ಪತ್ರೆವರೆಗೆ ಹೊತ್ತದ್ದು ಭರ್ತಿಯಪ್ಪನೇ. ಸತ್ತಿರುವುದು ಗೊತ್ತಿದ್ದೂ ಹೊತ್ತ. ಆ ಒಂದು ಓಣಿಯಲ್ಲಿ ಹನ್ನೊಂದು ಜನ ಹೋಗಿದ್ದರು.

ಹಾಗಾಗಿ ಮುಂದಿನ ಭಾನುವಾರ ಅವನು ಅಕ್ಕನ ಅಂಗಡಿಗೆ ಹೋಗಿ ಕೂತವನೇ ಪಟ್ಟಿಯ ಸುದ್ದಿ ಹೇಳಿಬಿಟ್ಟ. "ಹತ್ತರಲ್ಲಿ ಮೊದಲ್ನೇದೇ ನಿಮ್ದು ಅಕ್ಕ. ಬರೆದಿಟ್ಕೊ." ಅಕ್ಕ ಮೂಗು ಮುರಿದಳು. ಹೊಳೆ ಬದಿಯವರಿಗೆ ಯಾರೂ ಏನೂ ಕೊಡುವುದಿಲ್ಲ ಎಂದಳು. ಇವನಿಗೆ ಸಂಬಳ ಕೊಡುವುದೇ ಹೆಚ್ಚು ಎಂದೂ ಸೇರಿಸಿದಳು. ಅದರ ಮುಂದಿನ ಭಾನುವಾರ ಮಾತ್ರ, ಯಂತ್ರಕ್ಕೆ ಎಣ್ಣೆ ಬಿಡುತ್ತಾ, ಅವನ ಕಡೆ ನೋಡದೆ ಕೇಳಿದಳು:

"ಆ ಮೇಲಿನ ಮನೆಗಳಿಗೆ ರಸ್ತೆ ಕಡೆ ಬಾಗಿಲು ಇರುತ್ತೇನೋ? ಅಂಗಡಿ ಇಟ್ಕೋಬೇಕಲ್ಲ."

ಅವಳು ಆಸೆಪಟ್ಟದ್ದನ್ನು ಅವನು ಎಷ್ಟೋ ವರ್ಷದ ಮೇಲೆ ಕಂಡದ್ದು. ಇರುತ್ತೆ ಅಕ್ಕ ಎಂದ. ಇರುತ್ತದೋ ಇಲ್ಲವೋ ಅವನಿಗೇನು ಗೊತ್ತು?

ಮೂರು ವಾರ ಕಳೆದ ಮೇಲೆ ವಿಶ್ಲೇಷಕಿ ಅವನನ್ನು ತನ್ನ ಕೋಣೆಗೆ ಕರೆದಳು. ಪರದೆಯ ಮೇಲೆ ಒಂದೊಂದೇ ವಾರ್ಡಿನ ಗೆರೆ ತೆಗೆದು ತೋರಿಸಿದಳು. ಎಲ್ಲಕ್ಕಿಂತ ಮೇಲೆ ಏರಿ ನಿಂತದ್ದು ಐದನೇ ವಾರ್ಡು, ಗುಡ್ಡದ ಮೇಲಿನದು. ಅಲ್ಲಿನ ಗುಮಾಸ್ತ ಎಂಥ ಶಿಸ್ತಿನವನೆಂದರೆ ಚರಂಡಿ ಕಟ್ಟಿ ಯಾರದೋ ಕಾರು ನಿಲ್ಲಿಸುವ ಜಾಗಕ್ಕೆ ನೀರು ಬಂದರೂ ಒಂದು ಮನೆ ಎಂದು ಬರೆದು ಕಳಿಸುತ್ತಿದ್ದ, ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಇದು ನೋಡಿ ಸಾರ್, ಇಪ್ಪತ್ತೇಳು. ಹೊಳೆ ಪಕ್ಕದಲ್ಲಿದ್ರೂ ಎಷ್ಟು ಸಮಾಧಾನವಾಗಿದೆ."

ಪರದೆಯ ಮೇಲೆ ಮೂವತ್ತು ವರ್ಷ ಒಂದೇ ಗೆರೆಯಾಗಿ ಮಲಗಿತ್ತು. ಅವನು ನಕ್ಕುಬಿಟ್ಟ. "ಬೇರೆ ಯಾವ್ದೋ ವಾರ್ಡು ತೆಗೆದಿದೀರಿ ಮೇಡಂ."

"ಇಲ್ಲ ಸಾರ್, ಇಪ್ಪತ್ತೇಳೇ."

"ಹದಿನಾಲ್ಕು ವರ್ಷದ ಹಿಂದಿಂದು ಓದಿ ನೋಡೋಣ."

"ನೀರು ನುಗ್ಗಿದ ಮನೆ ನಲವತ್ತಾರು. ಸಾವು ಒಂದು."

ಅವನ ನಗು ಅಲ್ಲಿಗೇ ನಿಂತಿತು. ಮೂವತ್ತೊಂದು ವರ್ಷ ಕೂಡಿಸಿ ಭಾಗಿಸಿದ ತಲೆ, ಅದಕ್ಕೆ ಯಾರೂ ಹೇಳಬೇಕಿರಲಿಲ್ಲ, ತಾನೇ ಶುರು ಮಾಡಿತು. ಪರದೆಯಲ್ಲಿ ಅದಕ್ಕೂ ಹಿಂದಿನ ಐದು ವರ್ಷ ಐವತ್ತು, ನಲವತ್ತೊಂದು, ನಲವತ್ತನಾಲ್ಕು, ಐವತ್ತೆರಡು, ನಲವತ್ತಮೂರು. ಐದರಿಂದ ಭಾಗಿಸಿದರೆ ನಲವತ್ತಾರು. ಶೇಷವೂ ಉಳಿಯಲಿಲ್ಲ.

ಆಗ ಅವನಿಗೆ ಆ ದಿನ ನೆನಪಾಯಿತು. ಭಾವನ ಕ್ರಿಯಾಕರ್ಮವೆಲ್ಲ ಮುಗಿಸಿ ಹತ್ತು ದಿನದ ರಜೆಯ ನಂತರ ಕಚೇರಿಗೆ ಬಂದಿದ್ದ. ಅಚ್ಚಿನವನು ಬಂದು ಕೂತಿದ್ದ. ಇಪ್ಪತ್ತೇಳನೇ ವಾರ್ಡಿನ ನಮೂನೆ ಬಂದಿರಲಿಲ್ಲ. ಎಲ್ಲಿಂದ ಬಂದೀತು, ವಾರ್ಡಿನ ಕಚೇರಿಯೇ ಕಿಟಕಿಯವರೆಗೆ ಮುಳುಗಿತ್ತು. ಅವನು ರಿಜಿಸ್ಟರು ತೆಗೆದ, ಕೂಡಿಸಿದ, ಭಾಗಿಸಿದ, ಬರೆದ, ಚುಕ್ಕೆ ಇಟ್ಟ, ಅಚ್ಚಿನವನ ಜೊತೆ ಟೀ ಕುಡಿಯಲು ಕೆಳಗಿಳಿದ. ಸಾವು ಎಂಬ ಕಾಲಂನಲ್ಲಿ ಒಂದು ಎಂದು ಬರೆಯುವಾಗ ಭಾವನ ಮುಖ ಅವನಿಗೆ ನೆನಪೇ ಆಗಿರಲಿಲ್ಲ. ಹೆಗಲಿನ ನೋವು ಇನ್ನೂ ಹೋಗಿರಲಿಲ್ಲ, ಆದರೂ ನೆನಪಾಗಿರಲಿಲ್ಲ. ಈಗ ಅವನನ್ನು ಸುಟ್ಟದ್ದು ಅದೇ.

ಅವನು ವಿಶ್ಲೇಷಕಿಗೆ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಇನ್ನೂ ಸ್ಪಷ್ಟವಾಯಿತು. ನೀರು ಜೋರಾದ ವರ್ಷವೇ ಹೊಳೆ ಬದಿಯ ನಮೂನೆಗಳು ಬರುತ್ತಿರಲಿಲ್ಲ. ಸಾಧಾರಣ ವರ್ಷಗಳಲ್ಲಿ ತಪ್ಪದೆ ಬರುತ್ತಿದ್ದವು. ಕೆಟ್ಟ ವರ್ಷ ಬಂದಾಗಲೆಲ್ಲ ಅವನು ಸಾಧಾರಣ ವರ್ಷವನ್ನು ತಂದು ಅಲ್ಲಿ ಕೂರಿಸಿದ್ದ. ಹತ್ತು ವರ್ಷದ ಹಿಂದೆ ಮತ್ತೆ ಹೊಳೆ ಉಕ್ಕಿ ಮತ್ತೆ ನಮೂನೆ ತಪ್ಪಿದಾಗ, ತಾನೇ ತುಂಬಿದ ಅಂಕಿಗಳನ್ನೂ ಕೂಡಿಸಿಕೊಂಡು ಭಾಗಿಸಿದ್ದ. ಗುಡ್ಡದವರ ಚರಂಡಿಯೆಲ್ಲ ಲೆಕ್ಕಕ್ಕೆ ಬಂತು, ಹೊಳೆ ಬದಿಯವರ ನೆರೆಯೆಲ್ಲ ಅವನ ಪೆನ್ಸಿಲಿನಲ್ಲಿ ಇಂಗಿಹೋಯಿತು.

ವಿಶ್ಲೇಷಕಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯುವ ಬದಲು ಅವಳು ಕಂಪ್ಯೂಟರಿಗೆ ಒಂದು ಲೆಕ್ಕ ಬರೆದಳು. ಹಿಂದಿನ ಐದು ವರ್ಷದ ಸರಾಸರಿಗೆ ಸರಿಯಾಗಿ ಕೂತ ಅಂಕಿಗಳು ಎಷ್ಟಿವೆ ಎಂದು ಹುಡುಕಿದಳು. ಆರುನೂರ ಹನ್ನೆರಡು ಸಿಕ್ಕವು.

"ಗೊತ್ತಾಯ್ತಲ್ಲ ಮೇಡಂ. ಹಾಗಾದ್ರೆ ಸರಿ ಮಾಡ್ಬಹುದು."

"ಇದ್ರಲ್ಲಿ ನಿಜವಾಗಿ ಬಂದ ಅಂಕಿನೂ ಕೆಲವು ಸೇರ್ಕೊಂಡಿರುತ್ತೆ ಸಾರ್, ಸೊನ್ನೆ, ಒಂದು, ಎರಡು ಇದ್ದ ಕಡೆ. ನೀವು ಗುರುತು ಏನಾದ್ರೂ ಇಟ್ಟಿದ್ರಾ?"

"ಇಟ್ಟಿದ್ದೆ."

"ಎಲ್ಲಿದೆ?"

"ಅಳಿಸಿಬಿಟ್ರು."

"ಯಾರು ಸಾರ್?"

"ನಾನೇ."

ಇಬ್ಬರೂ ನೆಲಮಾಳಿಗೆಗೆ ಇಳಿದರು. ಹಳೆಯ ರಿಜಿಸ್ಟರುಗಳು ಮುರಿದ ಕುರ್ಚಿಗಳ ಹಿಂದೆ ಕಟ್ಟು ಕಟ್ಟಾಗಿ ಬಿದ್ದಿದ್ದವು. ಒಂದೊಂದೇ ಪುಟವನ್ನು ಮೇಲಿನ ಕಿಂಡಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಪೆನ್ಸಿಲ್ ಒತ್ತಿದ ಕಡೆ ಕಾಗದದಲ್ಲಿ ಒಂದು ಗುಳಿಯಾದರೂ ಉಳಿದಿರಬೇಕಲ್ಲ ಎಂಬುದು ಅವಳ ಲೆಕ್ಕಾಚಾರ. ಕೆಲವು ಕಡೆ ಇತ್ತು ಕೂಡ. ಹೆಚ್ಚಿನ ಕಡೆ ಅವನು ಎಷ್ಟು ಶ್ರದ್ಧೆಯಿಂದ ಉಜ್ಜಿದ್ದನೆಂದರೆ ಕಾಲಂನ ಇಡೀ ಅಂಚು ನಯವಾಗಿ ಹೊಳೆಯುತ್ತಿತ್ತು. ಕೆಲಸಗಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಅವಳು ಆದರೂ ಪಟ್ಟು ಬಿಡಲಿಲ್ಲ. ಯಾವ ಅಂಕಿ ಸುಳ್ಳು ಎಂದು ಗೊತ್ತಾದರೆ ಸಾಲದು, ಅಲ್ಲಿ ಇಡಬೇಕಾದ ನಿಜ ಎಲ್ಲಿದೆ ಎಂದು ಹುಡುಕಿಕೊಂಡು ಮೂರನೇ ಮಹಡಿಯ ಮರಣ ನೋಂದಣಿ ವಿಭಾಗಕ್ಕೆ ಹೋದಳು. ಅಲ್ಲಿ ಸಾವುಗಳೇನೋ ಇದ್ದವು. ಆದರೆ ಸಾವನ್ನು ನೋಂದಾಯಿಸುವುದು ವೈದ್ಯರು ನೋಡಿ ಖಚಿತಪಡಿಸಿದ ಜಾಗದಲ್ಲಿ. ಹೊಳೆಯಲ್ಲಿ ತೇಲಿಹೋದವರು ಕೆಳಗಿನ ಊರುಗಳ ಲೆಕ್ಕಕ್ಕೆ ಸೇರಿದ್ದರು. ಭಾವನ ಸಾವು ಗುಡ್ಡದ ಆಸ್ಪತ್ರೆಯಲ್ಲಿ ಬರೆಸಿದ್ದರಿಂದ ಐದನೇ ವಾರ್ಡಿನದಾಗಿತ್ತು. ಜೊತೆಗೆ ಹೋಗಿದ್ದ ಭರ್ತಿಯಪ್ಪ ಆ ಸಾಲನ್ನು ಎರಡು ಸಲ ಓದಿದ. ಹೊತ್ತುಕೊಂಡು ಹೋದವನು ತಾನೇ ಆದ್ದರಿಂದ ಯಾರನ್ನು ದೂರುವುದು? ಕೊನೆಗೆ ಒಂದು ದಿನ ರಜೆ ಹಾಕಿ ಇಪ್ಪತ್ತೇಳನೇ ವಾರ್ಡಿನ ಕಚೇರಿಗೇ ಹೋಗಿ ಹಳೆಯ ಕಡತ ಕೇಳಿದ. ಅಲ್ಲಿನ ಗುಮಾಸ್ತೆ ಬೀರು ತೆರೆಯುವ ಗೋಜಿಗೂ ಹೋಗದೆ ಗೋಡೆಯ ಮೇಲೆ ಭುಜದೆತ್ತರಕ್ಕೆ ಕಾಣುತ್ತಿದ್ದ ಕಂದು ಗೆರೆಯನ್ನು ತೋರಿಸಿದಳು. ಆ ಗೆರೆಯ ಕೆಳಗಿದ್ದ ಕಾಗದವೆಲ್ಲ ಅಂದೇ ಮುದ್ದೆಯಾಗಿತ್ತು.

ಉಳಿದದ್ದು ಅವನ ಕಣ್ಣು. ಅವನು ಮನೆಯಲ್ಲಿ ಕೂತು ಒಂದು ಹೇಳಿಕೆ ಬರೆದ, ಆ ವರ್ಷ ಇಪ್ಪತ್ತೇಳನೇ ವಾರ್ಡಿನ ಒಂದೇ ಓಣಿಯಲ್ಲಿ ಹನ್ನೊಂದು ಜನ ಸತ್ತದ್ದನ್ನು, ಮುನ್ನೂರಕ್ಕೂ ಹೆಚ್ಚು ಮನೆಗಳು ಮುಳುಗಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು. ಕೆಳಗೆ ಹೆಂಡತಿಯ ಪೆನ್ನು ಇಸಿದುಕೊಂಡು ಸಹಿ ಹಾಕಿದ. ಹೆಂಡತಿ ಅಂದು ತಮಾಷೆ ಮಾಡಲಿಲ್ಲ.

ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಹೇಳಿಕೆಯನ್ನು ಮೊದಲಿಂದ ಕೊನೆವರೆಗೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಅವನನ್ನು ಕೂರಿಸಿ ನೀರು ತರಿಸಿಕೊಟ್ಟರು.

"ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ನೀವು ನೋಡಿದ್ದು ದಾಖಲೆ ಆಗಲ್ಲ. ನಮೂನೆ ಇದ್ರೆ ತನ್ನಿ, ನಾಳೆನೇ ತಿದ್ದಿಸ್ತೀನಿ."

"ಬಾರದ ನಮೂನೆಗೆ ನಾನೇ ಕೂತು ಬರೆದಿದ್ದು ದಾಖಲೆ ಆಯ್ತಲ್ಲ ಸಾರ್?"

"ಅದು ಕೈಪಿಡಿ ಪ್ರಕಾರ ಆಗಿದೆ."

"ಅಲ್ಲಿ ನಾನಿದ್ದೆ ಸಾರ್. ನೀರಲ್ಲಿ ನಿಂತಿದ್ದೆ."

"ಇದ್ರಿ, ನಾನು ಇಲ್ಲ ಅಂತಿಲ್ಲ. ಇವತ್ತು ನಿಮ್ಮ ಹೇಳಿಕೆ ಒಪ್ಕೊಂಡ್ರೆ ನಾಳೆ ಅರವತ್ತೆರಡು ವಾರ್ಡಿನೋರೂ ನಾವೂ ನೋಡಿದ್ವಿ ಅಂತ ಬಂದು ನಿಲ್ತಾರೆ. ಯಾರದ್ದು ಬಿಡ್ಲಿ, ಯಾರದ್ದು ಹಿಡೀಲಿ?"

ಭರ್ತಿಯಪ್ಪ ಎದ್ದು ನಿಂತ. ಇದೇ ಮಾತನ್ನು ಅವನೇ ಎಷ್ಟು ಜನರಿಗೆ ಹೇಳಿಲ್ಲ? ಫೋನಿನಲ್ಲಿ ಅಂಕಿ ಹೇಳುತ್ತೇನೆ ಎಂದವರಿಗೆಲ್ಲ ಬರೆದು ಸಹಿ ಮಾಡಿ ಕಳಿಸಿ ಎಂದು ಗದರಿಸಿದವನು ಅವನೇ.

ಆದರೂ ಏನೂ ಆಗಲಿಲ್ಲ ಎನ್ನುವಂತಿಲ್ಲ. ವಿಶ್ಲೇಷಕಿ ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದಳು, ಅದನ್ನು ಮೇಲಿನವರು ಕೂಡಲೇ ಒಪ್ಪಿದರು. ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಅಂಕಿಗಳು ಅನುಮಾನದಲ್ಲಿರುವ ವಾರ್ಡುಗಳನ್ನು ವಿಶ್ಲೇಷಣೆಯಿಂದ ಕೈಬಿಡತಕ್ಕದ್ದು. ಅಂಥವು ಒಂಬತ್ತು ಸಿಕ್ಕವು. ಒಂಬತ್ತೂ ಹೊಳೆ ಬದಿಯವು. ಹೊಸ ನಕ್ಷೆಯಲ್ಲಿ ಅವುಗಳಿಗೆ ಬೂದು ಬಣ್ಣ ಹಚ್ಚಿ ಕೆಳಗೆ "ಮಾಹಿತಿ ಸಾಲದು" ಎಂದು ಬರೆದರು. ಹತ್ತು ವಾರ್ಡುಗಳ ಪಟ್ಟಿ ಗುಡ್ಡದವರಿಂದ ಶುರುವಾಗಿ, ಬಸ್ ನಿಲ್ದಾಣದ ಹಿಂದಿನ ಬಡಾವಣೆಯಲ್ಲಿ ಮುಗಿದು, ಶುಕ್ರವಾರ ಸರ್ಕಾರಕ್ಕೆ ಹೋಯಿತು.

"ನಾನು ಬಾಯಿ ಬಿಡದೆ ಇದ್ದಿದ್ರೂ ಪಟ್ಟಿಗೆ ಬರ್ತಿರ್ಲಿಲ್ಲ. ಬಾಯಿ ಬಿಟ್ಟ ಮೇಲೆ ನಕ್ಷೆಯಿಂದಾನೇ ಹೋಯ್ತಲ್ಲ ಮೇಡಂ" ಎಂದ ಅವನು.

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದೇ ಸರಿಯಾದ ಕ್ರಮ ಸಾರ್" ಎಂದಳು ಅವಳು, ಅವನ ಮುಖ ನೋಡದೆ. ಆಮೇಲೆ ಹೊಸ ನಮೂನೆಯನ್ನು ತೋರಿಸಿದಳು. ಇನ್ನು ಮುಂದೆ ಪ್ರತಿ ಅಂಕಿಯ ಪಕ್ಕದಲ್ಲಿ ಬಂದದ್ದೋ ಅಂದಾಜೋ ಎಂದು ಗುರುತು ಹಾಕುವ ಕಾಲಂ ಇರುತ್ತದೆ, ಕಚೇರಿ ಮುಳುಗಿದರೆ ಮೊಬೈಲಿನಿಂದಲೇ ಕಳಿಸಬಹುದು, ಸತ್ತವರು ಎಲ್ಲಿ ವಾಸವಿದ್ದವರು ಎಂ‍ದೂ ಬರೆಯಬೇಕು. "ಇನ್ನು ಇಪ್ಪತ್ತು ವರ್ಷಕ್ಕೆ ನಂಬೋ ಹಾಗಿರೋ ಅಂಕಿ ಕೈಗೆ ಸಿಗುತ್ತೆ ಸಾರ್." ಅವಳು ಮಾಡಿದ್ದು ಒಳ್ಳೆಯ ಕೆಲಸವೇ. ಇಪ್ಪತ್ತು ವರ್ಷಕ್ಕೆ ಅಕ್ಕನಿಗೆ ಎಂಬತ್ತಾರು ಎಂದು ಅವನ ತಲೆ ಕೂಡಿಸಿ ಹೇಳಿತು.

ಭಾನುವಾರ ಅವನು ಹೋಗದೆ ತಪ್ಪಿಸಿಕೊಳ್ಳಬಹುದಿತ್ತು. ಹೋದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಳೆಯ ತಿಂಗಳು ಹತ್ತಿರ ಬಂದಿದ್ದರಿಂದ ಅಕ್ಕ ಕೆಳಗಿನ ಸಾಮಾನುಗಳನ್ನು ಆಗಲೇ ಅಟ್ಟಕ್ಕೆ ಏರಿಸಲು ಶುರು ಮಾಡಿದ್ದಳು. ಅವನನ್ನು ಕಂಡವಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು.

"ಏನಾಯ್ತೋ ನಿನ್ನ ಪಟ್ಟಿ?"

"ಆಗ್ಲಿಲ್ಲ ಅಕ್ಕ."

ಅವಳು ಸ್ಟೂಲಿನ ಮೇಲೆ ಕೂತಳು. ಅವನು ಎಲ್ಲವನ್ನೂ ಹೇಳಿದ, ಏನನ್ನೂ ಮುಚ್ಚಿಡದೆ. ಕೈಪಿಡಿಯ ದಾರಿ, ಚುಕ್ಕೆ, ರಬ್ಬರು, ನಲವತ್ತಾರು, ಒಂದು. ಅವಳಿಗೆ ಅರ್ಥವಾಗುತ್ತಿಲ್ಲವೇನೋ ಎಂದು ಅವನು ಇನ್ನಷ್ಟು ಬಿಡಿಸಿ ಹೇಳಿದ. ಅವನಿಗೆ ಮಗ್ಗಿ ಕಲಿಸಿದವಳು ಅವಳು ಎಂಬುದನ್ನು ಅವನು ಆ ಗಡಿಬಿಡಿಯಲ್ಲಿ ಮರೆತಿದ್ದ.

"ಅವತ್ತು ಅವರನ್ನ ಹೊತ್ಕೊಂಡು ಹೋಗಿದ್ದು ನೀನೇ ಅಲ್ವೇನೋ?"

"ನಾನೇ ಅಕ್ಕ."

"ಪಕ್ಕದ ಮನೆ ಅವಳಿಜವಳಿ ಮಕ್ಕಳನ್ನ ಎತ್ತಿ ಮಲಗಿಸಿದ್ದು?"

"ಅದೂ ನಾನೇ."

"ಆಮೇಲೆ ಆಫೀಸಿಗೆ ಹೋಗಿ ಒಂದು ಅಂತ ಬರೆದೆ."

"ನಮೂನೆ ಬಂದಿರ್ಲಿಲ್ಲ ಅಕ್ಕ."

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಆ ಒಂದು ಯಾರು?"

"ಅಂದ್ರೆ?"

"ಹನ್ನೊಂದು ಜನ ಹೋಗಿದ್ರಲ್ಲ. ನೀನು ಬರೆದ ಆ ಒಂದು ಯಾರು? ನಿಮ್ಮ ಭಾವನಾ?"

ಅವನು ಹೌದು ಎನ್ನಬಹುದಿತ್ತು. ಹೌದು ಎಂದುಬಿಡು ಎಂದು ಒಳಗಿನಿಂದ ಯಾರೋ ಗೋಗರೆದಂತಾಯಿತು. ಅವನಿಗೆ ಅಕ್ಕನ ಮುಂದೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಯಾರೂ ಅಲ್ಲ ಅಕ್ಕ. ಹಿಂದಿನ ಐದು ವರ್ಷದ್ದು ಕೂಡಿಸಿದ್ರೆ ನಾಲ್ಕು ಬಂತು. ಐದರಿಂದ ಭಾಗಿಸಿದ್ರೆ ಒಂದಕ್ಕಿಂತ ಕಮ್ಮಿ. ಮನುಷ್ಯರಲ್ವಾ, ಅದಕ್ಕೆ ಒಂದು ಅಂತ ಪೂರ್ತಿ ಮಾಡಿದೆ."

ಅಕ್ಕ ಮಡಿಲಿನ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದಳು. ಆಮೇಲೆ ಎದ್ದು ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಬಳಿ ಹೋದಳು. ಅವನೂ ಎದ್ದು ಇನ್ನೊಂದು ತುದಿ ಹಿಡಿಯಲು ಕೈ ಚಾಚಿದ. ಪ್ರತಿ ವರ್ಷ ಹಿಡಿಯುತ್ತಿದ್ದವನು ಅವನೇ.

"ಬಿಡು, ನಾನು ಎತ್ತಿಡ್ತೀನಿ" ಎಂದಳು ಅಕ್ಕ.

"ಭಾರ ಇದೆ ಅಕ್ಕ."

"ಗೊತ್ತು. ನೀನು ಮನೆಗೆ ಹೋಗು."

ಅರವತ್ತಾರು ವರ್ಷದ ಹೆಂಗಸು ಆ ಕಬ್ಬಿಣದ ಯಂತ್ರವನ್ನು ಎದೆಗೆ ಅವುಚಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅವನು ಏಣಿಯನ್ನಾದರೂ ಹಿಡಿದುಕೊಳ್ಳೋಣವೆಂದು ಮುಂದೆ ಬಂದ. ಹೋಗು ಎಂದು ಅವಳು ಇನ್ನೊಮ್ಮೆ ಹೇಳಿದಳು, ಹಿಂದೆ ತಿರುಗದೆ. ಅವನು ಓಣಿಗಿಳಿದು ನಿಂತ. ಒಳಗೆ ಅವಳು ಒಂದೊಂದೇ ಮೆಟ್ಟಿಲು ಹತ್ತುವ ಸದ್ದು ಕೇಳಿಸುತ್ತಿತ್ತು. ಯಂತ್ರ ಹಲಗೆಯ ಮೇಲೆ ಕೂತ ಸದ್ದು ಬಂದ ಮೇಲೆ ಅವನು ಬಸ್ ನಿಲ್ದಾಣದ ಕಡೆ ಹೊರಟ.